ವರ್ಷ ವರ್ಷವೂ ಗ್ಯಾಸ್ ಕೇಳುವ ಎಸಿ

ಮಾರ್ಚ್ ಕೊನೆಗೆ ಸೆಕೆ ಏರಿತೆಂದರೆ ಮಂಗಳೂರು, ಉಡುಪಿ ಕಡೆಯ ಎಸಿ ರಿಪೇರಿಯವರಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಥರ. "ಕೋಲ್ಡ್ ಆಗುದಿಲ್ಲ ಮಾರಾಯ್ರೆ, ಗ್ಯಾಸ್ ಖಾಲಿಯಾಗಿದೆ ಅಂತ ಕಾಣ್ತದೆ. ಒಮ್ಮೆ ಬಂದು ಹಾಕಿ ಹೋಗಿ." ರೋಗ ಯಾವುದು, ಮದ್ದು ಯಾವುದು ಎಂದು ಮನೆಯವರೇ ನಿರ್ಧರಿಸಿ ಆಗಿರುತ್ತದೆ. ಹೋದ ವರ್ಷವೂ ಹಾಕಿಸಿದ್ದರು, ಅದರ ಹಿಂದಿನ ವರ್ಷವೂ ಹಾಕಿಸಿದ್ದರು. ಬಂದ ಹುಡುಗ ಹತ್ತು ನಿಮಿಷದಲ್ಲಿ ಸಿಲಿಂಡರ್ ಜೋಡಿಸಿ, ಗೇಜ್ ನೋಡಿ, ದುಡ್ಡು ತೆಗೆದುಕೊಂಡು ಹೋದ. ಕೋಣೆ ತಣ್ಣಗಾಯಿತು, ಎಲ್ಲರಿಗೂ ಸಮಾಧಾನ. ಮುಂದಿನ ಮಾರ್ಚಿಗೆ ಮತ್ತೆ ಅದೇ ಫೋನು.

ಎಸಿಯ ಗ್ಯಾಸ್ ಉರಿದು ಹೋಗುವ ವಸ್ತುವಲ್ಲ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡಿ ಹೊರಗಿನ ಪೈಪಿನ ಸುರುಳಿಗೆ, ಅಂದರೆ ಕಾಯಿಲ್‌ಗೆ ತಳ್ಳುತ್ತದೆ. ಅಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ, ಕ್ಯಾಪಿಲರಿ ಎಂಬ ಸಪೂರ ಪೈಪ್ ಅಥವಾ ಎಕ್ಸ್‌ಪಾನ್ಶನ್ ವಾಲ್ವ್ ದಾಟಿದಾಗ ಒತ್ತಡ ಇಳಿದು ತಣ್ಣಗಾಗುತ್ತದೆ, ಒಳಗಿನ ಕಾಯಿಲ್‌ನಲ್ಲಿ ಕೋಣೆಯ ಶಾಖ ಹೀರಿ ಆವಿಯಾಗಿ ಮತ್ತೆ ಕಂಪ್ರೆಸರಿಗೆ ಬರುತ್ತದೆ. ಇಷ್ಟರಲ್ಲಿ ಎಲ್ಲಿಯೂ ಒಂದು ಗ್ರಾಂ ಖರ್ಚಾಗುವ ಜಾಗವಿಲ್ಲ. ಅದೇ ಮನೆಯ ಅಡುಗೆಕೋಣೆಯ ಫ್ರಿಜ್ ಕೆಲಸ ಮಾಡುವುದೂ ಇದೇ ತತ್ವದಲ್ಲಿ. ಹದಿನೈದು ವರ್ಷ ಹಗಲು ರಾತ್ರಿ ಓಡಿದರೂ ಅದಕ್ಕೆ ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಿದವರು ಯಾರೂ ಇಲ್ಲ. ಫ್ರಿಜ್ಜಿನ ಪೈಪುಗಳನ್ನು ಕಾರ್ಖಾನೆಯಲ್ಲೇ ಬೆಸೆದು ಮುಚ್ಚಿರುತ್ತಾರೆ. ಸ್ಪ್ಲಿಟ್ ಎಸಿಯನ್ನು ಮಾತ್ರ ಮನೆಗೆ ತಂದ ಮೇಲೆ ಜೋಡಿಸಬೇಕು. ಒಳಗಡೆ ಎರಡು, ಹೊರಗಡೆ ಎರಡು, ಹೀಗೆ ಪೈಪಿನ ಬಾಯಿ ಅಗಲಿಸಿ ನಟ್ಟಿನಿಂದ ಬಿಗಿಯುವ ನಾಲ್ಕು ಫ್ಲೇರ್ ಜಾಯಿಂಟುಗಳು. ಆ ಕೆಲಸ ಸರಿಯಾಗಿದ್ದು ಕಾಯಿಲ್‌ಗೆ ತೂತು ಬೀಳದಿದ್ದರೆ ಎಸಿಗೂ ಆಯುಷ್ಯವಿಡೀ ಕಾರ್ಖಾನೆಯಲ್ಲಿ ತುಂಬಿದ ಗ್ಯಾಸೇ ಸಾಕು. ಕಡಿಮೆಯಾಗಿದೆ ಎಂದರೆ ಸೋರಿದೆ. ಸೋರುವ ಜಾಗ ಹುಡುಕದೆ ಗ್ಯಾಸ್ ಹಾಕಿದರೆ, ಹಾಕಿದ್ದೂ ಅದೇ ದಾರಿಯಲ್ಲಿ ಹೋಗುತ್ತದೆ.

"ಹೋದರೆ ಹೋಗಲಿ, ವರ್ಷಕ್ಕೊಮ್ಮೆ ತಾನೇ" ಎನ್ನುವವರಿದ್ದಾರೆ. ನಷ್ಟ ಗ್ಯಾಸಿನ ದುಡ್ಡಿನಲ್ಲಿ ಮುಗಿಯುವುದಿಲ್ಲ. ಕಂಪ್ರೆಸರ್ ಮೋಟಾರಿನ ಬಿಸಿಯನ್ನು ಹೊತ್ತೊಯ್ಯುವುದು ಅದರ ಮೂಲಕ ಹರಿಯುವ ಗ್ಯಾಸೇ. ಅದು ಕಡಿಮೆಯಾದರೆ ಮೋಟಾರಿನ ತಂತಿಸುರುಳಿ, ಅಂದರೆ ವೈಂಡಿಂಗ್, ಬಿಸಿಯಾಗುತ್ತದೆ. ಗ್ಯಾಸಿನ ಜೊತೆ ಪೈಪಿನಲ್ಲಿ ಸುತ್ತುವ ಎಣ್ಣೆಯೂ ಸರಿಯಾಗಿ ಮರಳುವುದಿಲ್ಲ. ಬೇಕಾದಂತೆ ಕಂಪ್ರೆಸರಿನ ವೇಗ ಬದಲಿಸಿಕೊಳ್ಳುವ ಇನ್ವರ್ಟರ್ ಎಸಿಯಾದರೆ ಹೇಳಿದ ಉಷ್ಣತೆ ಮುಟ್ಟಲಾಗದೆ ರಾತ್ರಿಯಿಡೀ ಪೂರ್ತಿ ವೇಗದಲ್ಲಿ ಓಡುತ್ತದೆ, ಕರೆಂಟ್ ಉಳಿಯಲೆಂದು ಕೊಂಡ ಯಂತ್ರದಿಂದಲೇ ಮೆಸ್ಕಾಂ ಬಿಲ್ ಏರುತ್ತದೆ. ಗ್ಯಾಸ್ ಪೂರ್ತಿ ಹೋದ ಮೇಲೂ ಓಡಿಸಿದರೆ ಸೋರುವ ತೂತಿನಿಂದಲೇ ಗಾಳಿ, ತೇವ ಒಳಗೆ ಬರುತ್ತವೆ. ಈಗಿನ ಕಂಪ್ರೆಸರ್ ಎಣ್ಣೆ ತೇವವನ್ನು ಬೇಗ ಹೀರುತ್ತದೆ, ಹೀರಿದ್ದು ಆಮ್ಲವಾಗುತ್ತದೆ, ಆಮ್ಲ ವೈಂಡಿಂಗನ್ನು ತಿನ್ನುತ್ತದೆ. ಎರಡು ಮೂರು ವರ್ಷ ಬರೀ ಟಾಪ್‌ಅಪ್ ಮಾಡಿಸಿಕೊಂಡ ಎಸಿಯ ಕಂಪ್ರೆಸರ್ ಕೈಕೊಟ್ಟಾಗ ಅದನ್ನು ಹಣೆಬರಹ ಎನ್ನುವಂತಿಲ್ಲ.

ತಣ್ಣಗಾಗದ ಎಸಿಯಲ್ಲೆಲ್ಲ ಗ್ಯಾಸ್ ಕಡಿಮೆಯಾಗಿರುತ್ತದೆ ಎಂಬುದೂ ಸುಳ್ಳು. ಫೋನ್ ಮಾಡುವ ಮೊದಲು ಮನೆಯವರೇ ನೋಡಬಹುದಾದ ಕೆಲವು ಸಂಗತಿಗಳುಂಟು. ಫಿಲ್ಟರ್ ತೆಗೆದು ತೊಳೆಯಿರಿ, ದಿನಾ ಓಡುವ ಎಸಿಗೆ ಹದಿನೈದು ದಿನಕ್ಕೊಮ್ಮೆ. ಟಾರ್ಚ್ ಹಿಡಿದು ಗಾಳಿ ಬರುವ ಬಾಯಿಯೊಳಗೆ ನೋಡಿ. ಅಲ್ಲಿ ತಿರುಗುವ ಉದ್ದನೆಯ ಬ್ಲೋವರಿನ ಎಸಳುಗಳಲ್ಲಿ ಕಪ್ಪು ಬೂಷ್ಟು ಕಟ್ಟಿದ್ದರೆ ಫಿಲ್ಟರ್ ಎಷ್ಟು ತೊಳೆದರೂ ಗಾಳಿ ಬರದು. ನಮ್ಮ ಮಳೆಗಾಲದ ತೇವಕ್ಕೆ ಇದು ಬೇಗ ಕಟ್ಟುತ್ತದೆ. ಆಮೇಲೆ ಹೊರಗಿನ ಯೂನಿಟ್. ಫ್ಯಾನ್ ತಿರುಗುತ್ತಿದೆಯೇ? ಬಿಸಿಗಾಳಿಗೆ ಹೊರಹೋಗಲು ಜಾಗವಿದೆಯೇ? ಫ್ಲ್ಯಾಟುಗಳಲ್ಲಿ ಯುಟಿಲಿಟಿ ಬಾಲ್ಕನಿಯೊಳಗೆ ಯೂನಿಟ್ ಇಟ್ಟು ಎದುರಿಗೆ ಒತ್ತೊತ್ತಾದ ಗ್ರಿಲ್, ಅದರ ಮೇಲೆ ಸೊಳ್ಳೆಪರದೆ ಹಾಕಿರುತ್ತಾರೆ. ಹೊರಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಅಲ್ಲಿಗೆ ಎಷ್ಟು ಗ್ಯಾಸ್ ಹಾಕಿದರೂ ಪ್ರಯೋಜನವಿಲ್ಲ.

ಕೋಣೆಯ ತಪ್ಪೂ ಇರುತ್ತದೆ. ಹಂಚಿನ ಮಾಡಿನ ಕೆಳಗೆ ಸೀಲಿಂಗ್ ಇಲ್ಲದ ಕೋಣೆಗೆ ಒಂದೂವರೆ ಟನ್ ಎಸಿ ಹಾಕಿ, ಹಂಚಿನ ಸಂದುಗಳಿಂದ ಇಡೀ ಊರಿನ ತೇವ ಒಳಗೆ ಬರುತ್ತಿದ್ದರೆ ಯಂತ್ರ ಏನು ಮಾಡೀತು? ಕರಾವಳಿಯಲ್ಲಿ ಎಸಿಯ ಶಕ್ತಿಯ ದೊಡ್ಡ ಪಾಲು ಗಾಳಿಯಿಂದ ನೀರು ಹಿಂಡುವುದರಲ್ಲೇ ಹೋಗುತ್ತದೆ. ಸೆಕೆಯ ದಿನ ಒಂದೂವರೆ ಟನ್ ಯಂತ್ರ ಗಂಟೆಗೆ ಒಂದರಿಂದ ಎರಡು ಲೀಟರ್ ನೀರು ತೆಗೆಯಬಲ್ಲದು. ಬಾಗಿಲು ತೆರೆದಿಟ್ಟರೆ ಆ ಕೆಲಸಕ್ಕೆ ಕೊನೆಯೇ ಇಲ್ಲ. 18ಕ್ಕೆ ಇಳಿಸಿದರೆ ಬೇಗ ತಣ್ಣಗಾಗುತ್ತದೆ ಎಂಬುದೂ ಭ್ರಮೆ. ಸ್ಟಾರ್ ಲೇಬಲ್ ಇರುವ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ 2020ರ ಜನವರಿಯಿಂದ ಬಂದಿದೆ. ಅದನ್ನೇ ಇಟ್ಟು ಸೀಲಿಂಗ್ ಫ್ಯಾನ್ ಸಣ್ಣಗೆ ಹಾಕಿದರೆ ಸಾಕಾಗುತ್ತದೆ.

ಗ್ಯಾಸಿನದ್ದೇ ಸಮಸ್ಯೆಯೋ ಎಂದು ಅಂದಾಜಿಸಲು ಒಂದು ಸಾದಾ ಥರ್ಮಾಮೀಟರ್ ಸಾಕು. ಬಾಗಿಲು ಮುಚ್ಚಿ, 16 ಡಿಗ್ರಿ, ಫ್ಯಾನ್ ಹೈ ಇಟ್ಟು ಇಪ್ಪತ್ತು ನಿಮಿಷ ಓಡಿಸಿ. ಮೇಲಿನಿಂದ ಗಾಳಿ ಎಳೆಯುವಲ್ಲಿ ಒಮ್ಮೆ, ಕೆಳಗೆ ಗಾಳಿ ಬಿಡುವಲ್ಲಿ ಒಮ್ಮೆ ಅಳೆಯಿರಿ. ವ್ಯತ್ಯಾಸ 8ರಿಂದ 12 ಡಿಗ್ರಿ ಇದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ನಮ್ಮ ತೇವದ ಗಾಳಿಯಲ್ಲಿ 8 ಬಂದರೂ ಗಾಬರಿ ಬೇಡ. ನಾಲ್ಕೈದಕ್ಕೆ ಇಳಿದಿದ್ದರೆ ಏನೋ ತೊಂದರೆ ಇದೆ. ಒಳಗಿನ ಕಾಯಿಲ್‌ನಲ್ಲಿ ಮಂಜು ಕಟ್ಟಿದೆಯೇ ನೋಡಿ. ಇಡೀ ಕಾಯಿಲ್ ಬೆಳ್ಳಗಾಗಿದ್ದರೆ ಹೆಚ್ಚಾಗಿ ಗಾಳಿಯ ಕೊರತೆ, ಅಂದರೆ ಫಿಲ್ಟರ್ ಅಥವಾ ಬ್ಲೋವರ್. ಒಂದು ಮೂಲೆಯಲ್ಲಷ್ಟೇ ಮಂಜು ಕಟ್ಟಿ ಉಳಿದ ಭಾಗ ಒಣಗಿದ್ದರೆ, ಹೊರಗಿನ ಯೂನಿಟ್ಟಿನಲ್ಲಿ ಸಣ್ಣ ಪೈಪಿನ ವಾಲ್ವ್ ಮೇಲೂ ಮಂಜು ಕೂತಿದ್ದರೆ, ಆಗ ಗ್ಯಾಸಿನ ಮೇಲೆ ಅನುಮಾನ ಪಡಬಹುದು. ಹಳೆಯ ಇನ್ವರ್ಟರ್ ಅಲ್ಲದ ಎಸಿಯಲ್ಲಿ ಹೊರಗಿನಿಂದ ಗುಂಯ್ ಸದ್ದು ಬಂದು ನಿಮಿಷದಲ್ಲಿ ನಿಂತರೆ ಮೊದಲು ಅನುಮಾನ ಕಂಪ್ರೆಸರ್ ಶುರುವಾಗಲು ಬೇಕಾದ ಕೆಪಾಸಿಟರ್ ಮೇಲೆ ಇರಲಿ. ಅದನ್ನು ನೀವೇ ಬಿಚ್ಚಬೇಡಿ, ಸ್ವಿಚ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ.

ಇನ್ನು ಸೋರಿಕೆ. ನಮ್ಮಲ್ಲಿ ಗ್ಯಾಸ್ ಸೋರಲು ಮುಖ್ಯ ಕಾರಣ ಎರಡು: ಫ್ಲೇರ್ ಕೆಲಸ, ಉಪ್ಪುಗಾಳಿ. ಫ್ಲೇರ್ ಎಂದರೆ ತಾಮ್ರದ ಪೈಪಿನ ಬಾಯಿಯನ್ನು 45 ಡಿಗ್ರಿಗೆ ಅಗಲಿಸಿ ಪಿತ್ತಾಳೆ ನಟ್ಟಿನಿಂದ ಬಿಗಿಯುವುದು. ಪೈಪ್ ಕತ್ತರಿಸಿದ ಮೇಲೆ ಒಳಅಂಚಿನ ಮುಳ್ಳನ್ನು ರೀಮರ್‌ನಿಂದ ತೆಗೆಯದಿದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಕಾಲಿಂಚಿನ ಪೈಪಿಗೆ ಸುಮಾರು 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ ಸುಮಾರು 50ರಿಂದ 60, ಇಷ್ಟೇ ಬಿಗಿತ ಬೇಕು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಉದ್ದ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟು ಬಿಗಿದರೆ ನಟ್ಟಿನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ, ಅದು ಕಾಣಿಸಿಕೊಳ್ಳುವುದು ಆರು ತಿಂಗಳ ನಂತರ. ಮನೆ ಬದಲಾಯಿಸುವಾಗ ಎಸಿ ಬಿಚ್ಚಿ ಹಾಕಿದವರು ಹಳೆಯ ಫ್ಲೇರನ್ನು ಕತ್ತರಿಸಿ ಹೊಸದು ಮಾಡಲು ಹೇಳಿ.

ಉಳ್ಳಾಲ, ತಣ್ಣೀರುಬಾವಿ, ಸುರತ್ಕಲ್, ಕಾಪು, ಮಲ್ಪೆಯಂಥ ಕಡೆ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಏಳುತ್ತದೆ, ಅದರ ಜೊತೆ ಉಪ್ಪು ಬಂದು ಹೊರಗಿನ ಯೂನಿಟ್ಟಿನ ಮೇಲೆ ಕೂರುತ್ತದೆ. ತಾಮ್ರ ಮತ್ತು ಅಲ್ಯೂಮಿನಿಯಂ ಒಟ್ಟಿಗಿರುವಲ್ಲಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಮೊದಲು ತಿನ್ನಲ್ಪಡುತ್ತದೆ. ಬೆರಳು ತಾಗಿಸಿದರೆ ಬಿಳಿ ಹುಡಿಯಾಗಿ ಉದುರುವ ಫಿನ್ನುಗಳು, ಅಂದರೆ ಕಾಯಿಲ್ ಸುತ್ತಲಿನ ತೆಳು ತಗಡುಗಳು, ಅದೇ. ಜನ ಗಮನಿಸದ ಒಂದು ವಿಷಯವಿದೆ: ಮಳೆಗೆ ಬಯಲಾಗಿರುವ ಯೂನಿಟ್ಟಿನ ಉಪ್ಪನ್ನು ಜೂನಿನಿಂದ ಸೆಪ್ಟೆಂಬರ್‌ವರೆಗಿನ ಮಳೆಯೇ ತೊಳೆಯುತ್ತದೆ. ಸಜ್ಜದ ಅಡಿಯಲ್ಲಿ ಜೋಪಾನವಾಗಿಟ್ಟ ಯೂನಿಟ್ಟಿನ ಮೇಲೆ ಉಪ್ಪು ವರ್ಷವಿಡೀ ಹಾಗೇ ಉಳಿಯುತ್ತದೆ, ತೇವ ಮಾತ್ರ ತಪ್ಪದೆ ತಾಗುತ್ತದೆ. ಆದ್ದರಿಂದ ಬೇಗ ಹಾಳಾಗುವುದು ಅದೇ. ಮಳೆಗಾಲ ಬಂತೆಂದು ಯೂನಿಟ್ಟಿಗೆ ಟರ್ಪಾಲು ಸುತ್ತಿ ಕಟ್ಟುವುದಂತೂ ಬೇಡವೇ ಬೇಡ. ಒಳಗೆ ತೇವ ಕಟ್ಟುತ್ತದೆ, ಇಲಿ, ಹಲ್ಲಿ ಸೇರುತ್ತವೆ, ಹಲ್ಲಿ ಪಿಸಿಬಿ ಎಂಬ ಸರ್ಕ್ಯೂಟ್ ಬೋರ್ಡಿನ ಮೇಲೆ ಹರಿದರೆ ಬೋರ್ಡೇ ಸುಡುತ್ತದೆ.

ಕಡಲಿಂದ ಒಂದೆರಡು ಕಿಲೋಮೀಟರ್ ಒಳಗಿದ್ದರೆ ನವೆಂಬರಿನಿಂದ ಮೇವರೆಗೆ ತಿಂಗಳಿಗೊಮ್ಮೆ ಹೊರಗಿನ ಕಾಯಿಲ್‌ಗೆ ಸಿಹಿನೀರು ಬಿಡಿ. ಮೊದಲು ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಆಫ್ ಮಾಡಿ. ಗಿಡಕ್ಕೆ ಬಿಡುವ ಪೈಪಿನ ಸಾದಾ ಒತ್ತಡ ಸಾಕು, ಕಾರ್ ತೊಳೆಯುವ ಪ್ರೆಶರ್ ವಾಷರ್ ಹಿಡಿದರೆ ಫಿನ್ನುಗಳು ಮಡಚಿಕೊಳ್ಳುತ್ತವೆ. ವಯರಿಂಗ್ ಡಬ್ಬಿ ಇರುವ ಕಡೆಗೆ ನೀರು ಬೇಡ. ನೀರು ಎಲ್ಲಿಯದೆಂದೂ ನೋಡಿಕೊಳ್ಳಿ. ಏಪ್ರಿಲ್, ಮೇಯಲ್ಲಿ ಕಡಲಬದಿಯ ಎಷ್ಟೋ ಬಾವಿಗಳ ನೀರು ಸವುಳಾಗುತ್ತದೆ, ಅದರಲ್ಲಿ ತೊಳೆದರೆ ಉಪ್ಪಿನ ಮೇಲೆ ಉಪ್ಪು. ಮಂಗಳೂರಿನವರು ತುಂಬೆಯಿಂದ ಬರುವ ನಳ್ಳಿ ನೀರು, ಉಡುಪಿಯವರು ಬಜೆಯಿಂದ ಬರುವ ನಳ್ಳಿ ನೀರು ಬಳಸಿ. ಮೇಲಿನ ಮಹಡಿಯಾಗಿದ್ದರೆ ಕಿಟಕಿಯಿಂದ ಬಗ್ಗಿ ಸಾಹಸ ಮಾಡಬೇಡಿ. ಜನ ಕರೆಸಿ, ಬಂದವರಿಗೆ ಯೂನಿಟ್ ಕೂತ ಬ್ರಾಕೆಟ್ಟನ್ನೂ ಬೋಲ್ಟುಗಳನ್ನೂ ತೋರಿಸಿ. ಉಪ್ಪುಗಾಳಿ ಅವನ್ನೂ ತಿನ್ನುತ್ತದೆ, ಕೆಳಗೆ ಜನ ಓಡಾಡುತ್ತಾರೆ.

ಒಳಗಿನ ಕಾಯಿಲ್‌ಗೂ ಶತ್ರುಗಳುಂಟು. ಹೊಸ ಪ್ಲೈವುಡ್, ಅಂಟು, ಮರದ ಪಾಲಿಶ್, ವಿನೆಗರ್ ಇವುಗಳಿಂದ ಏಳುವ ಆಮ್ಲದ ಆವಿ ಕಾಯಿಲ್ ಮೇಲಿನ ತೇವದೊಂದಿಗೆ ಸೇರಿ ತಾಮ್ರದೊಳಗೆ ಇರುವೆ ಗೂಡಿನಂಥ ಸಣ್ಣ ಸುರಂಗಗಳನ್ನು ಕೊರೆಯುತ್ತದೆ. ಇಂಟೀರಿಯರ್ ಕೆಲಸ ನಡೆಯುವಾಗ ಆ ಕೋಣೆಯ ಎಸಿ ಓಡಿಸಬೇಡಿ, ಮುಗಿದ ಮೇಲೂ ಕೆಲವು ದಿನ ಕಿಟಕಿ ತೆರೆದು ಗಾಳಿಯಾಡಲು ಬಿಡಿ.

ಸೋರಿಕೆ ಹುಡುಕುವ ಕ್ರಮ ಹೀಗೆ. ಮೊದಲು ಕಣ್ಣಿನ ಕೆಲಸ: ಗ್ಯಾಸ್ ಸೋರಿದಲ್ಲಿ ಎಣ್ಣೆಯೂ ಜಿನುಗುತ್ತದೆ, ಧೂಳು ಹಿಡಿದ ಜಿಡ್ಡಿನ ಕಲೆ ಕಂಡರೆ ಅಲ್ಲಿಂದ ಶುರು. ಆಮೇಲೆ ನೈಟ್ರೋಜನ್. ಪೈಪಿಗೆ ಅದನ್ನು ಸುಮಾರು 300 ಪಿಎಸ್‌ಐ (ಒತ್ತಡದ ಅಳತೆ) ಬರುವಷ್ಟು ತುಂಬಿ, ಯಂತ್ರದ ಪ್ಲೇಟಿನಲ್ಲಿ ಬರೆದ ಗರಿಷ್ಠ ಒತ್ತಡ ಮೀರದಂತೆ ನೋಡಿಕೊಂಡು, ನಾಲ್ಕೂ ಜಾಯಿಂಟಿಗೆ, ಸರ್ವಿಸ್ ವಾಲ್ವಿನ ಪಿನ್ನಿಗೆ, ಕಾಯಿಲ್‌ನ ಯು-ಬೆಂಡುಗಳಿಗೆ ಸೋಪಿನ ನೊರೆ ಹಚ್ಚಬೇಕು. ದೊಡ್ಡ ತೂತಾದರೆ ಕೂಡಲೇ ಗುಳ್ಳೆ ಏಳುತ್ತದೆ. ಸಣ್ಣದಾದರೆ ಒಂದೇ ಜಾಗದಲ್ಲಿ ಸಾಸಿವೆಕಾಳಿನಷ್ಟು ಬಿಳಿ ನೊರೆ ನಿಧಾನಕ್ಕೆ ಸೇರಿಕೊಳ್ಳುತ್ತದೆ. ಅದಕ್ಕೆ ಐದು ನಿಮಿಷ ಕಾಯುವ ತಾಳ್ಮೆ ಬೇಕು. ಗುಳ್ಳೆ ಕಾಣದಿದ್ದರೆ ಗೇಜ್ ಹಾಗೇ ಬಿಟ್ಟು ಮರುದಿನ ಅದೇ ಹೊತ್ತಿಗೆ ನೋಡಬೇಕು. ಹೊತ್ತು ಬದಲಾದರೆ ಲೆಕ್ಕ ತಪ್ಪುತ್ತದೆ. 300 ಪಿಎಸ್‌ಐ ಇರುವಲ್ಲಿ ಉಷ್ಣತೆ 10 ಡಿಗ್ರಿ ಇಳಿದರೆ ಮುಳ್ಳು ತಾನಾಗಿಯೇ ಸುಮಾರು 10 ಪಿಎಸ್‌ಐ ಇಳಿಯುತ್ತದೆ, ಅದು ಸೋರಿಕೆಯಲ್ಲ. ನೈಟ್ರೋಜನ್ ಬದಲು ಆಕ್ಸಿಜನ್ ಸಿಲಿಂಡರ್ ತಂದವರನ್ನು ಆ ಕ್ಷಣವೇ ತಡೆಯಿರಿ. ಕಂಪ್ರೆಸರ್ ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದರೆ ಸಿಡಿಯುತ್ತದೆ, ಜೀವ ಹೋಗುತ್ತದೆ.

ಸೋರಿಕೆ ಸರಿಯಾದ ಮೇಲೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್. ಒಂದೂವರೆ ಟನ್‌ಗೆ ಕಡಿಮೆ ಎಂದರೆ 20ರಿಂದ 30 ನಿಮಿಷ ಓಡಿಸಿ ಒಳಗಿನ ಒತ್ತಡವನ್ನು 500 ಮೈಕ್ರಾನ್ ಕೆಳಗೆ ತರಬೇಕು. ಪಂಪ್ ಮುಚ್ಚಿ ಹತ್ತು ನಿಮಿಷ ಬಿಟ್ಟಾಗ ಸ್ವಲ್ಪ ಏರಿ ನಿಂತರೆ ಒಳಗೆ ತೇವ ಉಳಿದಿದೆ. ಏರುತ್ತಲೇ ಹೋದರೆ ಸೋರಿಕೆ ಇನ್ನೂ ಉಂಟು. ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಹೊರದಬ್ಬುವ ಹಳೆಯ ಪದ್ಧತಿ ಬೇಡ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಬೆಂಕಿ ಹಿಡಿಯಬಲ್ಲ ಗ್ಯಾಸ್, ಕೆಲಸ ನಡೆಯುವಾಗ ಕಿಟಕಿ ತೆರೆದಿರಬೇಕು, ದೇವರ ದೀಪವೂ ಹತ್ತಿರ ಬೇಡ. ಪೈಪಿನಲ್ಲಿ ಗ್ಯಾಸ್ ಇರುವಾಗ ಬೆಸೆಯಲು ಬೆಂಕಿ ಹಚ್ಚಕೂಡದು.

ಕೊನೆಗೆ ಗ್ಯಾಸ್, ಅದೂ ತೂಗಿಯೇ. ಹೊರಗಿನ ಯೂನಿಟ್ಟಿನ ಪ್ಲೇಟಿನಲ್ಲಿ ಎಷ್ಟು ಗ್ರಾಂ ಎಂದು ಅಚ್ಚಾಗಿರುತ್ತದೆ. ಸಿಲಿಂಡರನ್ನು ತಕ್ಕಡಿ ಮೇಲಿಟ್ಟು ಅಷ್ಟೇ ಹಾಕಬೇಕು, ಪೈಪ್ ಕಂಪನಿ ಹೇಳಿದ ಉದ್ದಕ್ಕಿಂತ ಹೆಚ್ಚಿದ್ದರೆ ಅವರ ಪುಸ್ತಕದ ಲೆಕ್ಕದಷ್ಟು ಸೇರಿಸಬೇಕು. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರಿನ ವೇಗ ಹೊತ್ತು ಹೊತ್ತಿಗೆ ಬದಲಾಗುತ್ತದೆ, ಒತ್ತಡವೂ ಅದರ ಜೊತೆ ಏರಿಳಿಯುತ್ತದೆ. ಗೇಜ್ ಮುಳ್ಳು ನೋಡಿ "ಫುಲ್ ಆಯಿತು" ಎನ್ನುವವರ ಮಾತು ಅಂದಾಜು ಮಾತ್ರ. ಹೆಚ್ಚಾದರೂ ತೊಂದರೆಯೇ, ದ್ರವ ಮರಳಿ ಕಂಪ್ರೆಸರಿಗೆ ಬಡಿಯುತ್ತದೆ.

ಗೋಡೆಯಲ್ಲಿ ನೀರು ಇಳಿಯುತ್ತದೆ ಎಂಬ ದೂರಿಗೂ ಗ್ಯಾಸಿಗೂ ಹೆಚ್ಚಿನ ಸಲ ಸಂಬಂಧವಿಲ್ಲ. ಡ್ರೈನ್ ಪೈಪಿನಲ್ಲಿ ಪಾಚಿಯಂಥ ಲೋಳೆ ಕಟ್ಟಿರುತ್ತದೆ, ಅಥವಾ ಪೈಪಿನ ತುದಿ ಬಕೆಟ್ಟಿನ ನೀರಲ್ಲಿ ಮುಳುಗಿ ಗಾಳಿ ಕಟ್ಟಿರುತ್ತದೆ. ತುದಿಯನ್ನು ನೀರಿನಿಂದ ಮೇಲಿಡಿ, ಇಳಿಜಾರು ಎಲ್ಲಿಯೂ ತಪ್ಪದಿರಲಿ.

ಬಿಲ್ ಬರೆಸುವಾಗ "ಗ್ಯಾಸ್ ಚಾರ್ಜಿಂಗ್" ಎಂಬ ಒಂದೇ ಸಾಲಿಗೆ ಒಪ್ಪಬೇಡಿ. ಸೋರಿದ್ದು ಎಲ್ಲಿ, ಸರಿಪಡಿಸಿದ್ದು ಹೇಗೆ, ಯಾವ ಗ್ಯಾಸ್, ಎಷ್ಟು ಗ್ರಾಂ, ಇಷ್ಟನ್ನು ಬರೆಸಿ. ತಾಮ್ರದ ಕಾಯಿಲ್‌ನಲ್ಲಿ ಒಂದು ತೂತಾದರೆ ಬೆಸೆಯಬಹುದು. ಮೂರು ನಾಲ್ಕು ಕಡೆ ಜಿನುಗುತ್ತಿದ್ದರೆ ಬೆಸೆದ ಪಕ್ಕದಲ್ಲೇ ಮತ್ತೊಂದು ಬಾಯಿಬಿಡುತ್ತದೆ, ಕಾಯಿಲ್ ಬದಲಿಸುವುದೇ ಲೇಸು. ಅಲ್ಯೂಮಿನಿಯಂ ಕಾಯಿಲ್ ಬೆಸುಗೆ ಕಷ್ಟ, ಬಾಳಿಕೆಯೂ ಅನುಮಾನ. ವಾರಂಟಿ ಕಾರ್ಡಿನಲ್ಲಿ ಕಂಪ್ರೆಸರಿಗೆ ಹತ್ತು ವರ್ಷ ಇದ್ದರೂ ಕಾಯಿಲ್‌ಗೆ ಬೇರೆಯೇ ಅವಧಿ ಇರಬಹುದು. ಯಾರನ್ನಾದರೂ ಕರೆಸಿ ಕೈಹಾಕಿಸುವ ಮೊದಲು ಅದನ್ನು ಓದಿ ನೋಡಿ, ಹೊರಗಿನವರು ಬಿಚ್ಚಿದ ಯಂತ್ರಕ್ಕೆ ಕಂಪನಿ ವಾರಂಟಿ ಕೊಡದೆ ಹೋಗಬಹುದು.