ಕಳಿಯದ ಗೊಬ್ಬರ, ಹಳದಿಯಾಗುವ ಗಿಡ

ಕುಂಡದ ಗಿಡ ಹಳದಿಯಾದ ಕೂಡಲೇ ಹಲವರು ಇನ್ನೊಂದು ಬೊಗಸೆ ಗೊಬ್ಬರ ಸುರಿಯುತ್ತಾರೆ. ಎಷ್ಟೋ ಸಲ ತೊಂದರೆಯ ಮೂಲ ಆ ಗೊಬ್ಬರದಲ್ಲೇ ಇರುತ್ತದೆ: ಅದಿನ್ನೂ ಕಳಿತಿರುವುದಿಲ್ಲ. ಅರ್ಧ ಕೊಳೆತ ತರಗೆಲೆ, ಮರದ ಹೊಟ್ಟು ಮಣ್ಣಿಗೆ ಸೇರಿದರೆ, ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗಿಡಕ್ಕೆ ಸಿಗುವುದು ಕಡಿಮೆಯಾಗಿ, ಕೆಳಗಿನ ಹಳೆಯ ಎಲೆಗಳು ಮೊದಲು ಬಣ್ಣಗೆಡುತ್ತವೆ. ಹಸಿ ಸಗಣಿ ಹಾಕಿದರೆ ಬೇರು ಸುಡುವ ಭಯ, ಜೊತೆಗೆ ಬೇರು ತಿನ್ನುವ ಗೊಣ್ಣೆಹುಳುವಿನ ಕಾಟ.

ಬೆಂಗಳೂರು, ಕೋಲಾರದ ಕಡೆಯ ಕೆಮ್ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಒಣಗಿದರೆ ಗಟ್ಟಿ ಹೆಂಟೆ. ಅದಕ್ಕೆ ಗೊಬ್ಬರ ಬೇಕೇಬೇಕು, ಆದರೆ ಪೂರ್ತಿ ಕಳಿತದ್ದು.

ತಳ ಮತ್ತು ಪಕ್ಕಗಳಲ್ಲಿ ತೂತು ಕೊರೆದ ಡ್ರಮ್ಮಿನಲ್ಲಿ ಒಂದು ಬುಟ್ಟಿ ಅಡುಗೆಮನೆಯ ಹಸಿ ಕಸಕ್ಕೆ ಎರಡು ಮೂರು ಬುಟ್ಟಿ ತರಗೆಲೆ ಹಾಕಿ. ಹಳೆಯ ಗೊಬ್ಬರದ ಒಂದು ಹಿಡಿ ಸೇರಿದರೆ ಹೆಪ್ಪು ಹಾಕಿದಂತೆ. ವಾರಕ್ಕೊಮ್ಮೆ ಮಗುಚಿ. ಹಿಡಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಂದರೆ ತೇವ ಸರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿಯಾಡುತ್ತಿಲ್ಲ: ಒಣ ಎಲೆ ಬೆರೆಸಿ ಮಗುಚಿ. ಇರುವೆ ಸೇರಿಕೊಂಡರೆ ತೀರಾ ಒಣಗಿದೆ, ನೀರು ಚಿಮುಕಿಸಿ.

ಎರಡು ಮೂರು ತಿಂಗಳಿಗೆ ಕಪ್ಪಗಾಗುತ್ತದೆ. ಬಣ್ಣ ನೋಡಿ ನಂಬಬೇಡಿ. ಒದ್ದೆ ಮಾಡಿದ ಒಂದು ಹಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಬಿಗಿಯಾಗಿ ಕಟ್ಟಿಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಕಳಿತಿದೆ. ಹುಳಿ ಅಥವಾ ಘಾಟು ಹೊಡೆದರೆ ಇನ್ನೂ ಬಿಡಿ. ಅನುಮಾನವಿದ್ದರೆ ಮೆಂತ್ಯದ ಪರೀಕ್ಷೆ: ಬರೀ ಮಣ್ಣಿನಲ್ಲಿ ಹತ್ತು ಕಾಳು, ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಹತ್ತು ಕಾಳು. ಐದು ದಿನದಲ್ಲಿ ಎರಡನೆಯದರಲ್ಲಿ ಮೊಳಕೆ ಕಡಿಮೆಯಿದ್ದರೆ ಆ ಗೊಬ್ಬರ ಮುಟ್ಟಬೇಡಿ.

ಕುಂಡಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ. ನಾರಿನ ಪುಡಿಯಲ್ಲಿ ಉಪ್ಪಿನಂಶವಿರುವುದರಿಂದ ಎರಡು ಮೂರು ಸಲ ನೀರು ಬಸಿಯಲೇಬೇಕು. 12 ಇಂಚಿನ ಕುಂಡಕ್ಕೆ 50 ಗ್ರಾಂ ಬೇವಿನ ಹಿಂಡಿ ಸಾಕು. ಬೆರೆಸಿದ ಮಣ್ಣನ್ನು ತೇವವಾಗಿ ಹದಿನೈದು ದಿನ ಬಿಟ್ಟು ಸಸಿ ನೆಡಿ. ನೆಲದ ಮಡಿಯಾದರೆ ಚದರ ಮೀಟರಿಗೆ ಮೂರು ಕಿಲೋ ಗೊಬ್ಬರವನ್ನು ಮೇಲಿನ ಆರು ಇಂಚಿಗೆ ಬೆರೆಸಿದರಾಯಿತು.

ಈಗಾಗಲೇ ಹಳದಿಯಾದ ಗಿಡವನ್ನು ಕೀಳಬೇಡಿ. ಕಳಿಯದ ಗೊಬ್ಬರವನ್ನು ಮೇಲಿನಿಂದ ಕೆರೆದು ತೆಗೆದು, ಒಂದು ಹಿಡಿ ಎರೆಗೊಬ್ಬರ ಹಾಕಿ, ಒಂದಕ್ಕೆ ಹತ್ತರಷ್ಟು ನೀರು ಬೆರೆಸಿದ ಜೀವಾಮೃತವನ್ನು (ಸಗಣಿ, ಗಂಜಲ, ಬೆಲ್ಲ, ಬೇಳೆ ಹಿಟ್ಟನ್ನು ನೀರಿನಲ್ಲಿ ಹುದುಗಿಸಿದ ದ್ರವಗೊಬ್ಬರ) ವಾರಕ್ಕೊಮ್ಮೆ ಕೊಡಿ. ಹಳದಿಯಾದ ಎಲೆ ಮತ್ತೆ ಹಸಿರಾಗದೇ ಇರಬಹುದು. ಹೊಸ ಚಿಗುರಿನ ಬಣ್ಣ ನೋಡಿ.