ಮನುಷ್ಯ ಒಳ್ಳೆಯವನೇ ಆದರೆ ಸರ್ಕಾರ ಯಾಕೆ ಬೇಕು?

ಪ್ರಶ್ನೆ: ನಮ್ಮ ಸುತ್ತ ಇರುವ ಬಹುಪಾಲು ಜನ ಒಳ್ಳೆಯವರೇ. ಆದರೂ ಪೊಲೀಸು, ಕೋರ್ಟು, ಜೈಲು ಇಲ್ಲದಿದ್ದರೆ ಕಥೆ ಮುಗೀತು ಅಂತ ರಾಜಕೀಯ ವಾಸ್ತವವಾದಿಗಳು ಹೇಳುತ್ತಾರೆ. ಮನುಷ್ಯ ಅಷ್ಟು ಕೆಟ್ಟವನಾದರೆ ಅಂಥವನ ಕೈಗೇ ಅಧಿಕಾರ ಕೊಡುವುದು ಸರಿಯಾ?

ಉತ್ತರ: ವಾಸ್ತವವಾದ ನಿಲ್ಲಲು ಎಲ್ಲರೂ ಕೆಟ್ಟವರಾಗಿರಬೇಕಿಲ್ಲ. ಕೆಲವರು ಹಾಗಿದ್ದು, ಆ ಕೆಲವರು ಯಾರು ಅಂತ ಉಳಿದವರಿಗೆ ಗೊತ್ತಾಗದಿದ್ದರೆ ಸಾಕು.

ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಎರಡು ವರ್ಷ ಮೊದಲು, ಅಂತರ್ಯುದ್ಧದಲ್ಲಿ ಸೋತ ರಾಜನ ತಲೆ ಕಡಿಯಲಾಗಿತ್ತು. ಜಗಳಕ್ಕೆ ಆತ ಮೂರು ಕಾರಣ ಕೊಟ್ಟ: ಪೈಪೋಟಿ, ಅಪನಂಬಿಕೆ, ಪ್ರತಿಷ್ಠೆ. ಇವುಗಳಲ್ಲಿ ಅಪನಂಬಿಕೆಯೇ ಜಾಸ್ತಿ ಅಪಾಯಕಾರಿ ಅಂತ ನನಗನ್ನಿಸುತ್ತದೆ. ಪಕ್ಕದವನು ನನಗೇನೂ ಮಾಡಲಿಕ್ಕಿಲ್ಲ. ಆದರೆ ಮಾಡಿಬಿಟ್ಟರೆ? ಯಾವುದಕ್ಕೂ ಇರಲಿ ಅಂತ ನಾನೊಂದು ದೊಣ್ಣೆ ಇಟ್ಟುಕೊಳ್ಳುತ್ತೇನೆ. ಅದನ್ನು ನೋಡಿ ಅವನು ಮಚ್ಚು ಮಸೆಯುತ್ತಾನೆ. ಇಬ್ಬರೂ ಸಂಭಾವಿತರೇ, ಇಬ್ಬರಿಗೂ ಇದ್ದದ್ದು ಭಯ ಅಷ್ಟೇ. ಮೊದಲು ಕೈಮಾಡಿದವನನ್ನು ಹಿಡಿಯುವವರು ಇದ್ದಾರೆ ಅಂತ ಇಬ್ಬರಿಗೂ ಗೊತ್ತಿದ್ದರೆ ದೊಣ್ಣೆ ಮೂಲೆ ಸೇರುತ್ತದೆ.

ಕೌಟಿಲ್ಯ ಹೇಳುವ ಮತ್ಸ್ಯನ್ಯಾಯವೂ ಇದೇ ಅಲ್ವಾ ಅಂತ ಕೇಳುವವರಿದ್ದಾರೆ. ಪೂರ್ತಿ ಅಲ್ಲ. ಅಲ್ಲಿ ದೊಡ್ಡ ಮೀನು ಸಣ್ಣದನ್ನು ನುಂಗುತ್ತದೆ. ಹಾಬ್ಸ್ ಪ್ರಕಾರ ಎಷ್ಟೇ ದುರ್ಬಲನಾದರೂ ಬಲಶಾಲಿಯನ್ನು ಕೊಲ್ಲಬಲ್ಲ, ಹೊಂಚು ಹಾಕಿದರೆ ಆಯಿತು. ಹಾಗಾಗಿ ಅಲ್ಲಿ ದೊಡ್ಡವರಿಗೂ ನೆಮ್ಮದಿಯಿಲ್ಲ.

ಇದೆಲ್ಲ ಬರೀ ಊಹೆ ಅನ್ನುವವರು 1969ರ ಅಕ್ಟೋಬರ್ 7ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದದ್ದನ್ನು ನೋಡಬೇಕು. ಸಂಬಳದ ವಿಷಯಕ್ಕೆ ನಗರದ ಪೊಲೀಸರು ಕೆಲಸ ನಿಲ್ಲಿಸಿದರು. ಬ್ಯಾಂಕ್ ದರೋಡೆಗಳಾದವು. ಅದರಲ್ಲೇನು ಆಶ್ಚರ್ಯ, ದರೋಡೆಕೋರರು ದರೋಡೆ ಮಾಡಿದರು. ಗಮನಿಸಬೇಕಾದ್ದು ಟ್ಯಾಕ್ಸಿ ಚಾಲಕರನ್ನು. ವಿಮಾನ ನಿಲ್ದಾಣದ ಬಾಡಿಗೆಯೆಲ್ಲ ಒಂದೇ ಕಂಪನಿಯ ಪಾಲಾಗಿದೆ ಅಂತ ಅವರಿಗೆ ಹಳೆಯ ಸಿಟ್ಟು. ಆ ಸಂಜೆ ಗುಂಪಾಗಿ ಹೋಗಿ ಕಂಪನಿಯ ಗ್ಯಾರೇಜಿನಲ್ಲಿದ್ದ ಗಾಡಿಗಳಿಗೆ ಬೆಂಕಿ ಇಟ್ಟರು. ಕಂಪನಿಯ ಕಡೆಯಿಂದ ಗುಂಡು ಹಾರಿತು, ಪ್ರಾಂತ ಸರ್ಕಾರದ ಪೊಲೀಸನೊಬ್ಬ ಸತ್ತ. ಅಷ್ಟರಲ್ಲಿ ಪೇಟೆಯ ಅಂಗಡಿಗಳ ಗಾಜು ಪುಡಿಯಾಗಿ ಲೂಟಿ ಶುರುವಾಗಿತ್ತು. ಕೊನೆಗೆ ಸೈನ್ಯ ಬಂತು. ಹಿಂದಿನ ದಿನವೂ ಚಾಲಕರು ಅವರೇ, ಸಿಟ್ಟೂ ಅದೇ. ತಡೆಯುವವರು ಮಾತ್ರ ಇರಲಿಲ್ಲ. ಲೂಟಿಗೆ ಬರದೆ ಮನೆಯಲ್ಲೇ ಇದ್ದವರೇ ಜಾಸ್ತಿ, ನಿಜ. ಆದರೆ ಅವರ ಒಳ್ಳೆಯತನದಿಂದ ಅಂಗಡಿಯವರ ಗಾಜು ಉಳಿಯಲಿಲ್ಲ.

ಸರ್ಕಾರ ಇಲ್ಲದೆ ಬದುಕಿದವರೇ ಇಲ್ಲವಾ? ಇದ್ದಾರೆ. ಐಸ್‌ಲ್ಯಾಂಡಿನಲ್ಲಿ 930ರ ಹೊತ್ತಿಗೆ ಆಲ್ತಿಂಗ್ ಎಂಬ ಮಹಾಸಭೆ ಶುರುವಾಯಿತು. ರಾಜ ಇಲ್ಲ, ಪೊಲೀಸ್ ಇಲ್ಲ. ಕಾನೂನು ಮಾತ್ರ ಉಂಟು. ಅದನ್ನು ಬಾಯಿಪಾಠ ಮಾಡಿಕೊಂಡ ಒಬ್ಬ ಅಧಿಕಾರಿ ಬಂಡೆಯೊಂದರ ಬಳಿ ನಿಂತು ವರ್ಷಕ್ಕೆ ಮೂರನೇ ಒಂದು ಭಾಗದಂತೆ ಜನರಿಗೆ ಹೇಳುತ್ತಿದ್ದ. ತಮಾಷೆ ಏನು ಅಂದರೆ, ಕೇಸು ಗೆದ್ದವನೇ ತೀರ್ಪನ್ನು ಜಾರಿ ಮಾಡಿಕೊಳ್ಳಬೇಕಿತ್ತು. ಕೈಲಾಗದವನು ದೊಡ್ಡ ಮುಖಂಡನ ಆಶ್ರಯ ಹಿಡಿಯುತ್ತಿದ್ದ. ಹೀಗೆ ಮುಖಂಡರು ಬೆಳೆದರು. ಹದಿಮೂರನೇ ಶತಮಾನದಲ್ಲಿ ಅಧಿಕಾರ ಕೆಲವೇ ಮನೆತನಗಳ ಕೈಸೇರಿ ಹೊಡೆದಾಟ ಮಿತಿಮೀರಿತು. 1262ರಿಂದ 1264ರ ನಡುವೆ ಅಲ್ಲಿನವರು ನಾರ್ವೆಯ ರಾಜನಿಗೆ ತೆರಿಗೆ ಕೊಡಲು ಒಪ್ಪಿಕೊಂಡರು. ಮುನ್ನೂರು ವರ್ಷ ನಡೆದ ವ್ಯವಸ್ಥೆಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಆದರೆ ಅಧಿಕಾರ ಅಲ್ಲೂ ಇಲ್ಲದೆ ಇರಲಿಲ್ಲ, ಲೆಕ್ಕ ಕೇಳುವವರಿಲ್ಲದ ಕಡೆ ಜಮೆಯಾಗುತ್ತಿತ್ತು ಅಷ್ಟೇ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ನೀರು, ಮೀನು, ಹುಲ್ಲುಗಾವಲನ್ನು ಜನರೇ ಕೂಡಿ ಚೆನ್ನಾಗಿ ನೋಡಿಕೊಳ್ಳಬಲ್ಲರು ಅಂತ ತೋರಿಸಿದರು. ಆದರೆ ಅವರು ಕಂಡ ಗಟ್ಟಿ ವ್ಯವಸ್ಥೆಗಳಲ್ಲೂ ಕಾಯುವವರಿದ್ದರು, ದಂಡವೂ ಇತ್ತು.

ಇನ್ನು ನಿಮ್ಮ ಪ್ರಶ್ನೆಯ ಎರಡನೇ ಭಾಗ. ಹಾಬ್ಸ್ ಎಡವಿದ್ದು ಇಲ್ಲೇ. ಅಧಿಕಾರ ಹಂಚಿದರೆ ಮತ್ತೆ ಯುದ್ಧ ಅಂತ ಹೆದರಿ, ಪೂರ್ತಿ ಒಂದೇ ಕಡೆ ಇರಲಿ ಅಂದ. ಸುಮಾರು ನಲವತ್ತು ವರ್ಷಗಳ ನಂತರ ಇಂಗ್ಲೆಂಡಿನ ಇನ್ನೊಬ್ಬ ತತ್ವಜ್ಞಾನಿ ಜಾನ್ ಲಾಕ್ ಇದಕ್ಕೆ ಚುಚ್ಚಿದ: ನರಿಗಳ ಕಾಟ ತಪ್ಪಿಸಿಕೊಳ್ಳಲು ಹೋಗಿ ಸಿಂಹದ ಬಾಯಿಗೆ ಬೀಳುವುದೇ ಕ್ಷೇಮ ಅಂದುಕೊಳ್ಳುವಷ್ಟು ದಡ್ಡರಾ ಜನ? ಲಾಕ್ ಮಾತಿನಲ್ಲಿ ಹುರುಳಿದೆ. ಸೋವಿಯತ್ ಸರ್ಕಾರ 1937 ಮತ್ತು 1938ರಲ್ಲಿ, ಅದರದೇ ದಾಖಲೆಗಳ ಪ್ರಕಾರ, 6 ಲಕ್ಷ 80 ಸಾವಿರಕ್ಕೂ ಹೆಚ್ಚು ಜನರಿಗೆ ಮರಣದಂಡನೆ ವಿಧಿಸಿತು. ಯಾವ ದರೋಡೆಕೋರರ ಗುಂಪಿಗೂ ಇದು ಆಗದ ಕೆಲಸ.

ಆದ್ದರಿಂದ ವಾಸ್ತವವಾದಿ ಅನ್ನಿಸಿಕೊಂಡವನು ಪ್ರಜೆಗಳನ್ನು ಅನುಮಾನಿಸಿದಷ್ಟೇ ಆಳುವವರನ್ನೂ ಅನುಮಾನಿಸಬೇಕು. ಪ್ರಜೆಗಳ ಮೇಲೆ ಮಾತ್ರ ಅನುಮಾನ ಪಡುವವನು ನನ್ನ ಪ್ರಕಾರ ಆಸ್ಥಾನದ ಹೊಗಳುಭಟ್ಟ. ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬನಾದ ಜೇಮ್ಸ್ ಮ್ಯಾಡಿಸನ್ 1788ರಲ್ಲಿ ಹಿಡಿದದ್ದು ಈ ದಾರಿ. ಒಳ್ಳೆಯ ಅರಸರನ್ನು ಹುಡುಕುವ ಗೋಜಿಗೇ ಆತ ಹೋಗಲಿಲ್ಲ. ಅಧಿಕಾರವನ್ನು ಹಂಚಿ, ಒಬ್ಬರ ಅಧಿಕಾರದಾಸೆಗೆ ಇನ್ನೊಬ್ಬರ ಅಧಿಕಾರದಾಸೆಯನ್ನೇ ಅಡ್ಡ ನಿಲ್ಲಿಸಿ ಅಂದ. ಇದರಿಂದ ಕೆಲಸ ನಿಧಾನವಾಗುತ್ತದೆ, ಜಗಳ ಮುಗಿಯುವುದೇ ಇಲ್ಲ. ಆ ನಿಧಾನದ ಬಗ್ಗೆ ನನ್ನ ತಕರಾರಿಲ್ಲ.

ಹಾಗಂತ ಇದಕ್ಕೆ ಗ್ಯಾರಂಟಿ ಏನೂ ಇಲ್ಲ. ಅಡ್ಡ ನಿಲ್ಲಬೇಕಾದವರೇ ಪಕ್ಕಕ್ಕೆ ಸರಿಯಬಹುದು. 1933ರ ಮಾರ್ಚ್‌ನಲ್ಲಿ ಜರ್ಮನಿಯ ಸಂಸತ್ತು ಕಾನೂನು ಮಾಡುವ ತನ್ನ ಅಧಿಕಾರವನ್ನು ತಾನೇ ಮತ ಹಾಕಿ ಹಿಟ್ಲರನ ಸರ್ಕಾರಕ್ಕೆ ಒಪ್ಪಿಸಿತು. ಕಮ್ಯುನಿಸ್ಟ್ ಸದಸ್ಯರನ್ನು ಅಷ್ಟರಲ್ಲೇ ಹೊರಗಿಟ್ಟಾಗಿತ್ತು. ಬೇಡ ಅಂದದ್ದು ಸೋಷಿಯಲ್ ಡೆಮಾಕ್ರಟರು ಮಾತ್ರ, 94 ಮತ.