ಎರಡೇ ಆಲ್ಬಮ್ ಮಾಡಿ ಯಾಝೂ ಬ್ಯಾಂಡ್ ಯಾಕೆ ನಿಂತುಹೋಯಿತು?

ಓದುಗರ ಪ್ರಶ್ನೆ: ಯಾಝೂ ಬ್ಯಾಂಡಿನ ‘ಓನ್ಲಿ ಯೂ’ ಕೇಳಿ ತುಂಬಾ ಇಷ್ಟವಾಯಿತು. ಅವರ ಬೇರೆ ಹಾಡುಗಳನ್ನು ಹುಡುಕಿದರೆ ಸಿಕ್ಕಿದ್ದು ಎರಡೇ ಆಲ್ಬಮ್. ಎರಡೂ ಹಿಟ್ ಅಂತೆ. ಮತ್ತೆ ಯಾಕೆ ನಿಲ್ಲಿಸಿದರು? ಇಬ್ಬರಿಗೂ ಜಗಳ ಆಯ್ತಾ?

ಯಾಝೂ ಹಾಡುಗಳಿಗೆ ಮನಸೋತವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಾನೂ ಕೇಳಿಕೊಂಡಿದ್ದೆ. ಜಗಳ ಆಡಬೇಕಾದರೂ ಒಂದಿಷ್ಟು ಸಲಿಗೆ ಬೇಕು, ಅಲ್ವಾ? ಇವರಿಬ್ಬರ ನಡುವೆ ಅಷ್ಟು ಸಲಿಗೆ ಬೆಳೆಯುವುದಕ್ಕೂ ಸಮಯ ಸಿಗಲಿಲ್ಲ. ನನಗೆ ಅರ್ಥವಾದ ಮಟ್ಟಿಗೆ ಉತ್ತರ ಇರುವುದು ಅಲ್ಲೇ.

ಯಾಝೂ ಅಂದರೆ 1980ರ ದಶಕದ ಬ್ರಿಟನ್ನಿನ ಇಬ್ಬರೇ ಇಬ್ಬರ ಬ್ಯಾಂಡ್: ಸಂಗೀತ ಕಟ್ಟುವ ವಿನ್ಸ್ ಕ್ಲಾರ್ಕ್, ಹಾಡುವ ಆಲಿಸನ್ ಮೊಯೆ. ಇಬ್ಬರೂ ಬೆಳೆದದ್ದು ಬಾಸಿಲ್ಡನ್‌ನಲ್ಲಿ. ಲಂಡನ್ನಿನ ಪೂರ್ವಕ್ಕೆ, ಎಸೆಕ್ಸ್‌ನಲ್ಲಿರುವ ಊರು. ಎರಡನೇ ಮಹಾಯುದ್ಧದ ನಂತರ ಲಂಡನ್ನಿನ ಜನರಿಗೆ ಮನೆ ಸಾಲದೆ ಸರ್ಕಾರ ಕಟ್ಟಿಸಿದ ಹೊಸ ಊರುಗಳಲ್ಲಿ ಅದೂ ಒಂದು. 1970ರ ದಶಕದ ಕೊನೆಯ ಹೊತ್ತಿಗೆ ಅಂಥ ಊರಿನ ಹುಡುಗರ ಕೈಗೂ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ, ಬಂತು. ಅಲ್ಲಿಯವರೆಗೆ ಅದು ದುಡ್ಡಿದ್ದ ದೊಡ್ಡ ಬ್ಯಾಂಡ್‌ಗಳ ಕೈಯಲ್ಲಿತ್ತು. ಇನ್ನೊಂದು ಕಡೆ ಪಂಕ್ ಸಂಗೀತ ಬಂದು, ವಿದ್ವಾಂಸರಾಗದೆಯೂ ವೇದಿಕೆ ಹತ್ತಬಹುದು ಎನ್ನುವ ಧೈರ್ಯ ಕೊಟ್ಟಿತ್ತು. ನ್ಯೂ ವೇವ್ ಅಂತ ನಾವು ಕರೆಯುವ ಪಾಪ್‌ನ ದೊಡ್ಡ ಪಾಲು ಹುಟ್ಟಿದ್ದು ಹೀಗೆ.

ಬಾಸಿಲ್ಡನ್‌ನ ವಿನ್ಸ್ ಕ್ಲಾರ್ಕ್ ಗೆಳೆಯರ ಜೊತೆ ಸೇರಿ ಡಿಪೆಶ್ ಮೋಡ್ ಅನ್ನುವ ಸಿಂಥ್ ಬ್ಯಾಂಡ್ ಕಟ್ಟಿದರು. 1981ರಲ್ಲಿ ಬಂದ ಅವರ ಮೊದಲ ಆಲ್ಬಮ್‌ನ ಹೆಚ್ಚಿನ ಹಾಡುಗಳು ಕ್ಲಾರ್ಕ್‌ರದ್ದೇ. ಆ ವರ್ಷ ಮುಗಿಯುವ ಮೊದಲೇ ಅವರು ಬ್ಯಾಂಡ್ ಬಿಟ್ಟರು. ಆಗ ಅವರಿಗೆ 21 ವರ್ಷ. ಪ್ರವಾಸ, ಸಂದರ್ಶನ, ಫೋಟೊ ಇದ್ಯಾವುದೂ ಅವರಿಗೆ ಹಿಡಿಸಿರಲಿಲ್ಲ. ಸ್ಟುಡಿಯೊದಲ್ಲಿ ಯಂತ್ರಗಳ ಮುಂದೆ ಕೂರುವುದಷ್ಟೇ ಅವರಿಗೆ ಬೇಕಿತ್ತು. ಆದರೆ ಕೈಯಲ್ಲಿ ಒಂದು ಹಾಡಿತ್ತು, ಹಾಡುವವರು ಇರಲಿಲ್ಲ.

ಅದೇ ಊರಿನ ಆಲಿಸನ್ ಮೊಯೆ ಪಂಕ್ ಬ್ಯಾಂಡ್‌ಗಳಲ್ಲಿ ಹಾಡಿ, ಆಮೇಲೆ ಅಮೆರಿಕದ ಕಪ್ಪುಜನರ ಹಳೆಯ ಸಂಗೀತವಾದ ಬ್ಲೂಸ್ ಕಡೆ ಹೊರಳಿದ್ದರು. ಡಿಪೆಶ್ ಮೋಡ್‌ನ ಮಾರ್ಟಿನ್ ಗೋರ್, ಆಂಡಿ ಫ್ಲೆಚರ್ ಇಬ್ಬರೂ ಅವರ ಶಾಲೆಯವರೇ. ತನಗೊಂದು ಬ್ಲೂಸ್ ಬ್ಯಾಂಡ್ ಬೇಕು ಅಂತ ಅವರು ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಫೋನ್ ಮಾಡಿದವರು ವಿನ್ಸ್ ಕ್ಲಾರ್ಕ್! ಗಿಟಾರ್ ನುಡಿಸುವವರನ್ನು ಹುಡುಕುತ್ತಿದ್ದವರಿಗೆ ಯಂತ್ರ ಇಟ್ಟುಕೊಂಡವರು ಸಿಕ್ಕರು. ಕ್ಲಾರ್ಕ್ ಕೇಳಿದ್ದು ಇಷ್ಟೇ: ರೆಕಾರ್ಡ್ ಕಂಪನಿ ಮ್ಯೂಟ್ ರೆಕಾರ್ಡ್ಸ್‌ಗೆ ತೋರಿಸಲು ಒಂದು ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಹಾಡಿಕೊಡಬೇಕು. ಆ ಹಾಡೇ ‘ಓನ್ಲಿ ಯೂ’.

ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಬ್ಯಾಂಡ್ ಕಟ್ಟೋಣ ಅಂತ ಇಬ್ಬರೂ ಕೂತು ಮಾತಾಡಿದ್ದೇ ಇಲ್ಲ. ಒಂದು ಡೆಮೊ, ಅಷ್ಟೇ. ಅದು ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್, ಆಯಿತು. ಮಾರ್ಚ್ 1982ರಲ್ಲಿ ಹೊರಬಂದು ಬ್ರಿಟನ್ನಿನ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಕಂಪನಿ ಇನ್ನೊಂದು ಹಾಡು ಕೇಳಿತು. ‘ಡೋಂಟ್ ಗೋ’ 3ನೇ ಸ್ಥಾನಕ್ಕೆ ಹೋಯಿತು. ಆಗಸ್ಟ್ ಹೊತ್ತಿಗೆ ಇಡೀ ಆಲ್ಬಮ್ಮೇ ಬಂತು: ‘ಅಪ್‌ಸ್ಟೇರ್ಸ್ ಅಟ್ ಎರಿಕ್ಸ್’. ಎರಿಕ್ ಅಂದರೆ ಎರಿಕ್ ರ‍್ಯಾಡ್‌ಕ್ಲಿಫ್. ಲಂಡನ್ನಿನಲ್ಲಿ ಪೂಜೆ ನಿಂತುಹೋದ ಹಳೆಯ ಚರ್ಚ್ ಒಂದರಲ್ಲಿ ಅವರ ಬ್ಲ್ಯಾಕ್‌ವಿಂಗ್ ಸ್ಟುಡಿಯೊ ಇತ್ತು. ಹಗಲು ಹೊತ್ತು ಅಲ್ಲಿ ಬೇರೆಯವರ ಕೆಲಸ ನಡೆಯುತ್ತಿದ್ದರಿಂದ ಇವರು ಬೆಳಗಿನ ಜಾವವೇ ಬಂದು ರೆಕಾರ್ಡ್ ಮಾಡುತ್ತಿದ್ದರು.

ಆ ಆಲ್ಬಮ್ ಯಾಕೆ ಇವತ್ತಿಗೂ ಹೊಸದಾಗಿ ಕೇಳಿಸುತ್ತದೆ? ಆಗಿನ ಸಿಂಥ್ ಬ್ಯಾಂಡ್‌ಗಳಲ್ಲಿ ಎಷ್ಟೋ ಮಂದಿ ಯಂತ್ರಕ್ಕೆ ಹೊಂದುವಂತೆ ತಣ್ಣಗೆ, ಏರಿಳಿತವಿಲ್ಲದೆ ಹಾಡುತ್ತಿದ್ದರು. ಮೊಯೆ ಹಾಗಲ್ಲ. ಅವರದ್ದು ಆಳದ, ಸ್ವಲ್ಪ ಒರಟಾದ ದನಿ. ಒಂದು ಪದವನ್ನು ಎಳೆಯುತ್ತಾರೆ, ಇನ್ನೊಂದನ್ನು ಗದರುತ್ತಾರೆ. ಹಿಂದೆ ಕ್ಲಾರ್ಕ್‌ರ ಸೀಕ್ವೆನ್ಸರ್ (ತುಂಬಿಸಿಟ್ಟ ಸ್ವರಗಳನ್ನು ತಾನೇ ನುಡಿಸುವ ಯಂತ್ರ) ಕೂದಲೆಳೆಯಷ್ಟೂ ಆಚೀಚೆ ಆಗದೆ ಓಡುತ್ತಿರುತ್ತದೆ. ಅವರು ಬಳಸುತ್ತಿದ್ದ ರೋಲೆಂಡ್ ಎಂಸಿ-4 ಯಂತ್ರಕ್ಕೆ ಪ್ರತಿಯೊಂದು ಸ್ವರವನ್ನೂ ಅಂಕಿಯಾಗಿ ಒತ್ತಿ ತುಂಬಬೇಕಿತ್ತು. ಗಂಟೆಗಟ್ಟಲೆ ಕೂರುವ ತಾಳ್ಮೆ ಬೇಕು. ಅಷ್ಟು ಲೆಕ್ಕದ ಮೇಲೆ ಲೆಕ್ಕಕ್ಕೇ ಸಿಗದ ದನಿಯೊಂದು ಹರಿಯುತ್ತದೆ. ‘ಡೋಂಟ್ ಗೋ’ ಶುರುವಾಗುವ ಆ ಕೆಲವು ಸೆಕೆಂಡ್ ಕೇಳಿ, ಆಮೇಲೆ ಮೊಯೆ ಹಾಡಿಗೆ ಇಳಿಯುವ ಕ್ಷಣ ಗಮನಿಸಿ. ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹೆಸರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಯಾಝೂ ಅನ್ನುವುದು ಹಳೆಯ ಬ್ಲೂಸ್ ಹಾಡುಗಳನ್ನು ಮತ್ತೆ ಹೊರತರುತ್ತಿದ್ದ ಅಮೆರಿಕದ ಕಂಪನಿಯೊಂದರ ಹೆಸರು. ಬ್ಲೂಸ್ ಪ್ರೇಮಿ ಮೊಯೆ ಅದನ್ನೇ ಆರಿಸಿಕೊಂಡರು. ಆದರೆ ಅಮೆರಿಕದಲ್ಲಿ ಹೆಸರಿನ ತಕರಾರು ಬಂದು ಅಲ್ಲಿ ಅವರು ಬರೀ ‘ಯಾಝ್’ ಆದರು. ಅಲ್ಲಿನ ಡಾನ್ಸ್ ಕ್ಲಬ್‌ಗಳಲ್ಲಿ ‘ಸಿಚುಯೇಷನ್’ ಹಾಡು ದೊಡ್ಡ ಹಿಟ್ ಆಯಿತು. ಅದರಲ್ಲಿ ಮೊಯೆ ನಗುತ್ತಾರೆ. ಆ ನಗುವನ್ನು ನೀವು ಖಂಡಿತ ಕೇಳಿರುತ್ತೀರಿ. 1996ರಲ್ಲಿ ಜಗತ್ತೆಲ್ಲ ಕುಣಿದ ‘ಮಾಕರೀನಾ’ ರೀಮಿಕ್ಸ್‌ನಲ್ಲಿ ಕೇಳಿಸುವ ಹೆಣ್ಣಿನ ನಗು ಇಲ್ಲಿಂದಲೇ ಹೋದದ್ದು.

ಹೊರಗೆ ಇಷ್ಟೆಲ್ಲ ಆಗುತ್ತಿತ್ತು. 1983ರಲ್ಲಿ ಹೊಸಬರಿಗೆ ಕೊಡುವ ಬ್ರಿಟ್ ಪ್ರಶಸ್ತಿಯೂ ಬಂತು. ಒಳಗೆ ಮಾತ್ರ ಇಬ್ಬರೂ ಮಾತೇ ಆಡುತ್ತಿರಲಿಲ್ಲ. ಕ್ಲಾರ್ಕ್ ಮಿತಭಾಷಿ. ಮೊಯೆಗೆ ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗಬೇಕು. ಸಾಮಾನ್ಯವಾಗಿ ಬ್ಯಾಂಡ್ ಅಂದರೆ ವರ್ಷಗಟ್ಟಲೆ ಒಟ್ಟಿಗೆ ವ್ಯಾನಿನಲ್ಲಿ ಸುತ್ತಿ, ಸಣ್ಣ ಸಣ್ಣ ಜಾಗಗಳಲ್ಲಿ ನುಡಿಸಿ, ಬೈದಾಡಿಕೊಂಡು, ಮತ್ತೆ ಒಂದಾಗಿರುತ್ತಾರೆ. ಇವರಿಗೆ ಅದ್ಯಾವುದೂ ಇರಲಿಲ್ಲ. ಪರಿಚಯ ಗಟ್ಟಿಯಾಗುವ ಮೊದಲೇ ಟಿವಿ ಕ್ಯಾಮೆರಾ ಮುಂದೆ ನಿಂತಿದ್ದರು.

ಒಂದು ಆಲ್ಬಮ್ ಆದ ಮೇಲೆ ಕ್ಲಾರ್ಕ್‌ಗೆ ಸಾಕೆನಿಸಿತ್ತು. ಒತ್ತಾಯಕ್ಕೆ ಎರಡನೆಯದಕ್ಕೆ ಒಪ್ಪಿದರು. ಅದನ್ನು ಮಾಡಿದ ರೀತಿ ಕೇಳಿದರೆ ಬೇಸರವಾಗುತ್ತದೆ. ಹೆಚ್ಚಿನ ಪಾಲು ಬೇರೆ ಬೇರೆ ಹೊತ್ತಿನಲ್ಲಿ ರೆಕಾರ್ಡ್ ಆಯಿತು. ಒಬ್ಬರು ಬಂದು ತಮ್ಮ ಕೆಲಸ ಮುಗಿಸಿ ಹೋಗುವುದು, ಆಮೇಲೆ ಇನ್ನೊಬ್ಬರು ಬರುವುದು. ಆಲ್ಬಮ್ ಹೆಸರು ‘ಯೂ ಅಂಡ್ ಮಿ ಬೋತ್’, ಅಂದರೆ ನೀನೂ ನಾನೂ ಇಬ್ಬರೂ! ಅದರ ‘ಹ್ಯಾಪಿ ಪೀಪಲ್’ ಬಂದಾಗ ದನಿ ಬದಲಾಗುವುದನ್ನು ಗಮನಿಸಿ. ಅದು ಕ್ಲಾರ್ಕ್‌ರ ದನಿ. ಆ ಹಾಡನ್ನು ಹಾಡಲು ಮೊಯೆ ಒಪ್ಪಲಿಲ್ಲ. ಅದೇ ಆಲ್ಬಮ್‌ನಲ್ಲಿ ‘ನೋಬಡೀಸ್ ಡೈರಿ’ಯೂ ಇದೆ. ಮೊಯೆ ಹದಿಹರೆಯದಲ್ಲಿ ಬರೆದ ಹಾಡು. ಯಾಝೂದ ಎಲ್ಲ ಹಾಡುಗಳಲ್ಲಿ ನನಗೆ ಅದೇ ಹೆಚ್ಚು. ಮೇ 1983ರಲ್ಲಿ ಅದು ಸಿಂಗಲ್ ಆಗಿ ಬಂದು 3ನೇ ಸ್ಥಾನ ಮುಟ್ಟಿತು. ಜುಲೈನಲ್ಲಿ ಆಲ್ಬಮ್ ಬಂದು 1ನೇ ಸ್ಥಾನಕ್ಕೆ ಏರಿತು. ಅಷ್ಟರಲ್ಲಿ ಬ್ಯಾಂಡೇ ಇರಲಿಲ್ಲ.

ಅದೇ ವರ್ಷದ ಕ್ರಿಸ್‌ಮಸ್‌ಗೆ ಫ್ಲೈಯಿಂಗ್ ಪಿಕೆಟ್ಸ್ ಅನ್ನುವ ತಂಡ ‘ಓನ್ಲಿ ಯೂ’ವನ್ನು ವಾದ್ಯವೇ ಇಲ್ಲದೆ ಬರೀ ಬಾಯಲ್ಲಿ ಹಾಡಿ 1ನೇ ಸ್ಥಾನಕ್ಕೆ ಒಯ್ದಿತು. ಮೊಯೆ 1984ರಲ್ಲಿ ‘ಆಲ್ಫ್’ ಅನ್ನುವ ಸ್ವಂತ ಆಲ್ಬಮ್ ತಂದರು. ಆಲ್ಫ್ ಅವರ ಅಡ್ಡಹೆಸರು. ಅದೂ 1ನೇ ಸ್ಥಾನ. ಕ್ಲಾರ್ಕ್ 1985ರಲ್ಲಿ ತಾವೇ ಜಾಹೀರಾತು ಕೊಟ್ಟು ಗಾಯಕನನ್ನು ಹುಡುಕಿದರು. ಆಗ ಸಿಕ್ಕವರು ಆಂಡಿ ಬೆಲ್. ಅವರಿಬ್ಬರ ಬ್ಯಾಂಡ್ ಎರೇಷರ್ ದಶಕಗಳ ಕಾಲ ನಡೆಯಿತು. ಹಾಗಾಗಿ ಕ್ಲಾರ್ಕ್‌ಗೆ ಯಾರ ಜೊತೆಗೂ ನಿಲ್ಲಲು ಬರುವುದಿಲ್ಲ ಅಂತ ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ.

2008ರಲ್ಲಿ ಯಾಝೂ ಮತ್ತೆ ಒಂದಾಗಿ ಪ್ರವಾಸ ಹೊರಟಿತು. ‘ಯೂ ಅಂಡ್ ಮಿ ಬೋತ್’ ಬಂದಾಗ ಬ್ಯಾಂಡೇ ಇರಲಿಲ್ಲವಲ್ಲ, ಅದರ ಹಾಡುಗಳನ್ನು ಅವರು ಒಟ್ಟಿಗೆ ವೇದಿಕೆಯಲ್ಲಿ ಹಾಡಿಯೇ ಇರಲಿಲ್ಲ. 25 ವರ್ಷ ಆದ ಮೇಲೆ, ಮೊದಲ ಸಲ, ಇಬ್ಬರೂ ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿ ನಿಂತು ಆ ಹಾಡುಗಳನ್ನು ಜನರಿಗೆ ಕೇಳಿಸಿದರು.